‘ಷರ್ಲಿ’ಯಲ್ಲಿ ಲಡ್ಡೈಟರಿಗೆ ಶಾರ್ಲೆಟ್ ಬ್ರಾಂಟೆ ಮೋಸ ಮಾಡಿದಳಾ?

ಕಂಬಳಿಹುಳ:

ಶಾರ್ಲೆಟ್ ಬ್ರಾಂಟೆ ಅಂದರೆ ಎಲ್ಲರೂ ‘ಜೇನ್ ಐರ್’ ಹತ್ತಿರವೇ ನಿಂತುಬಿಡುತ್ತಾರೆ. ಅದಾದ ಮೇಲೆ 1849ರಲ್ಲಿ ಬಂದ ‘ಷರ್ಲಿ’ ಕಾದಂಬರಿಯನ್ನು ಕೈಗೆತ್ತಿಕೊಂಡವರು ಕಡಿಮೆ, ಮುಗಿಸಿದವರು ಇನ್ನೂ ಕಡಿಮೆ. ನಾನು ಮುಗಿಸಿದೆ. ನನ್ನದೊಂದು ತಕರಾರು ಇದೆ. ಓದಿದವರು ಯಾರಾದರೂ ಇದ್ದರೆ ಜಗಳಕ್ಕೆ ಬನ್ನಿ.

ಕಥೆ 1811-12ರದ್ದು, ಅಂದರೆ ಆಕೆ ಹುಟ್ಟುವುದಕ್ಕೂ ಮುಂಚಿನದು. ಜಾಗ ಇಂಗ್ಲೆಂಡಿನ ಯಾರ್ಕ್‌ಶೈರ್, ಉಣ್ಣೆ ಬಟ್ಟೆಯ ಸೀಮೆ. ನೆಪೋಲಿಯನ್ ಜೊತೆ ಯುದ್ಧ ನಡೆಯುತ್ತಿದೆ, ಆದರೆ ಪುಸ್ತಕದಲ್ಲಿ ಒಂದೇ ಒಂದು ರಣರಂಗ ಇಲ್ಲ. ಯುದ್ಧ ಕಾಣಿಸುವುದು ಗೋದಾಮಿನಲ್ಲಿ, ಮಾರಾಟವಾಗದೆ ಬಿದ್ದಿರುವ ಬಟ್ಟೆಯಲ್ಲಿ. ನೆಪೋಲಿಯನ್ 1806ರಲ್ಲಿ ಬರ್ಲಿನ್ ಆಜ್ಞೆ ಹೊರಡಿಸಿ ಯುರೋಪಿನ ಬಂದರುಗಳನ್ನು ಬ್ರಿಟಿಷ್ ಸರಕಿಗೆ ಮುಚ್ಚಿದ. ಬ್ರಿಟನ್ ಸುಮ್ಮನಿರುತ್ತದೆಯೇ? 1807ರಲ್ಲಿ ‘ಆರ್ಡರ್ಸ್ ಇನ್ ಕೌನ್ಸಿಲ್’ ಅನ್ನುವ ಆಜ್ಞೆ ತಂದು, ಫ್ರಾನ್ಸ್ ಜೊತೆ ವ್ಯಾಪಾರ ಮಾಡುವ ಮೂರನೆಯವರ ಹಡಗುಗಳನ್ನೂ ತಡೆಯಲು ಶುರು ಮಾಡಿತು. ಇದರಿಂದ ಕೆಟ್ಟಿದ್ದು ಅಮೆರಿಕದ ಜೊತೆಗಿನ ಸಂಬಂಧ, ಮತ್ತು ಯಾರ್ಕ್‌ಶೈರ್ ಬಟ್ಟೆಗೆ ದೊಡ್ಡ ಗಿರಾಕಿಯೇ ಅಮೆರಿಕ. ಹೀಗೆ ಎರಡು ಸರ್ಕಾರಗಳ ಹಟದ ಮಧ್ಯೆ ಒಂದು ಗಿರಣಿ, ಅದರ ಸಾಲಗಾರ ಯಜಮಾನ ರಾಬರ್ಟ್ ಮೂರ್, ಅವನು ತರಿಸುವ ಹೊಸ ಯಂತ್ರ, ಆ ಯಂತ್ರದಿಂದ ಕೆಲಸ ಕಳೆದುಕೊಂಡು ಅದನ್ನು ಒಡೆಯಲು ಹೊರಟವರು, ಅಂದರೆ ಲಡ್ಡೈಟರು. ಇಷ್ಟೂ ಬಹಳ ಚೆನ್ನಾಗಿದೆ. ಯುದ್ಧ ಅಂದರೆ ಬೆಲೆ, ಸಾಲ, ಖಾಲಿ ಒಲೆ ಅಂತ ಇಷ್ಟು ನೇರವಾಗಿ ಬರೆದ ಆ ಕಾಲದ ಕಾದಂಬರಿ ನಾನು ಬೇರೆ ಓದಿಲ್ಲ.

ನನ್ನ ತಕರಾರು ಇದು. ಗಿರಣಿಯ ಮೇಲೆ ದಾಳಿ ಆಗುತ್ತದೆ. ದಾಳಿಯ ಮುಂದಾಳುಗಳು ಯಾರು ಅಂತ ಆಮೇಲೆ ಹೇಳುವಾಗ, ಅವರು ನಿಜವಾದ ಕಾರ್ಮಿಕರೇ ಅಲ್ಲ, ಹೊರಗಿನಿಂದ ಬಂದವರು, ದಿವಾಳಿ ಎದ್ದವರು, ಕುಡುಕರು ಅಂತ ಬರೆದು ಮುಗಿಸುತ್ತಾಳೆ. ಮೂರ್ ನಾಲ್ವರನ್ನು ಬೆನ್ನಟ್ಟಿ ಹಿಡಿಸುತ್ತಾನೆ, ಅವರಿಗೆ ಗಡೀಪಾರು ಆಗುತ್ತದೆ. ಅಷ್ಟೇ.

ನಿಜವಾಗಿ ಆಗಿದ್ದು ಬೇರೆ. 1813ರ ಜನವರಿಯಲ್ಲಿ ಯಾರ್ಕ್ ಕೋಟೆಯಲ್ಲಿ 17 ಜನರನ್ನು ನೇಣಿಗೆ ಹಾಕಿದರು. 8ನೇ ತಾರೀಕು ಮೂವರು, 16ನೇ ತಾರೀಕು ಒಂದೇ ದಿನ 14 ಜನ. ಅವರಲ್ಲಿ ಹೆಚ್ಚಿನವರು ಅದೇ ಸೀಮೆಯ ದುಡಿಯುವ ಜನ. ಮೊದಲ ಮೂವರಲ್ಲಿ ಒಬ್ಬ ಜಾರ್ಜ್ ಮೆಲ್ಲರ್, ಹಡರ್ಸ್‌ಫೀಲ್ಡ್ ಹತ್ತಿರದ ಕಸುಬುದಾರ, ಇಪ್ಪತ್ತು ದಾಟಿದ ಹುಡುಗ. ಇಡೀ ಕಾದಂಬರಿಯಲ್ಲಿ ಒಂದು ನೇಣುಗಂಬವೂ ಇಲ್ಲ. ಇದು ಮರೆವಲ್ಲ. ಆಕೆ ಬರೆಯುವ ಮುಂಚೆ ‘ಲೀಡ್ಸ್ ಮರ್ಕ್ಯುರಿ’ ಪತ್ರಿಕೆಯ ಆ ವರ್ಷಗಳ ಹಳೇ ಸಂಚಿಕೆ ತರಿಸಿ ಓದಿದ್ದಳು.

ತುಂಗಾತೀರ:

ತಕರಾರು ಸರಿ, ತೀರ್ಪು ಮಾತ್ರ ಜಾಸ್ತಿ ಆಯಿತು. ವಿಲಿಯಂ ಫ್ಯಾರನ್ ಎಲ್ಲಿ ಹೋದ? ನೀವು ಅವನ ಹೆಸರನ್ನೇ ಎತ್ತಲಿಲ್ಲ.

ಎಂಟನೇ ಅಧ್ಯಾಯ ನೋಡಿ. ಕಾರ್ಮಿಕರ ಗುಂಪು ಮೂರ್ ಹತ್ತಿರ ಬರುತ್ತದೆ. ಮೊದಲು ಮಾತಾಡುವವನು ಮೋಸೆಸ್ ಬ್ಯಾರಕ್ಲಾ, ಮರದ ಕಾಲಿನ ಬೋಧಕ, ಶುದ್ಧ ಢೋಂಗಿ. ಮೂರ್ ಅವನನ್ನು ಅಲ್ಲೇ ಹಿಡಿಸಿಹಾಕುತ್ತಾನೆ. ಇಲ್ಲಿಗೇ ನಿಲ್ಲಿಸಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಆದರೆ ಆಮೇಲೆ ಫ್ಯಾರನ್ ಮುಂದೆ ಬರುತ್ತಾನೆ. ಅವನು ಯಂತ್ರ ಒಡೆಯುವವನಲ್ಲ, ಕುಡಿಯುವವನೂ ಅಲ್ಲ. ಅವನು ಕೇಳುವುದು ಒಂದೇ: ಬದಲಾವಣೆ ಸ್ವಲ್ಪ ನಿಧಾನಕ್ಕೆ ತನ್ನಿ, ನಮ್ಮ ಮನೆಯಲ್ಲಿ ಮಕ್ಕಳು ಹಸಿದಿದ್ದಾರೆ. ಮೂರ್ ಆಗಲ್ಲ ಅಂತ ಒರಟಾಗಿ ಹೇಳಿ ಕಳಿಸುತ್ತಾನೆ. ಆ ಜಾಗದಲ್ಲಿ ಓದುಗ ಯಾರ ಪಕ್ಕ ನಿಲ್ಲುತ್ತಾನೆ ಹೇಳಿ. ನಾಯಕನ ಪಕ್ಕ ಅಲ್ಲ. ಇಡೀ ಪುಸ್ತಕದಲ್ಲಿ ಅತ್ಯಂತ ಮರ್ಯಾದಸ್ಥ ಮಾತು ಒಬ್ಬ ಕೆಲಸವಿಲ್ಲದ ಕೂಲಿಯ ಬಾಯಲ್ಲಿದೆ.

ಇನ್ನೊಂದು. ಬರೆದದ್ದು ಯಾವಾಗ? 1848-49. 1848ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಕ್ರಾಂತಿ. ಏಪ್ರಿಲ್ 10ಕ್ಕೆ ಲಂಡನ್ನಿನ ಕೆನ್ನಿಂಗ್ಟನ್ ಬಯಲಲ್ಲಿ ಮತದಾನದ ಹಕ್ಕು ಕೇಳುತ್ತಿದ್ದ ಕಾರ್ಮಿಕ ಚಳವಳಿಗಾರರ, ಅಂದರೆ ಚಾರ್ಟಿಸ್ಟರ, ದೊಡ್ಡ ಸಭೆ, ಸರ್ಕಾರ ಗಾಬರಿಯಾಗಿ ಸೇನೆ ಸಿದ್ಧ ಇಟ್ಟಿತ್ತು. ಆಕೆ 1812 ಅಂತ ಬರೆಯುವಾಗ ತನ್ನ ಕಾಲದ ಭಯವನ್ನೇ ಬರೆಯುತ್ತಿದ್ದಾಳೆ. ಜೊತೆಗೆ ಮನೆಯಲ್ಲಿ ಒಂದರ ಮೇಲೊಂದು ಸಾವು. 1848ರ ಸೆಪ್ಟೆಂಬರಿನಲ್ಲಿ ತಮ್ಮ ಬ್ರಾನ್ವೆಲ್, ಡಿಸೆಂಬರಿನಲ್ಲಿ ಎಮಿಲಿ, ಮುಂದಿನ ಮೇ ತಿಂಗಳಲ್ಲಿ ಆನ್. ಅರ್ಧ ಬರೆದ ಹಸ್ತಪ್ರತಿ ಮುಂದೆ ಕೂತು ಮುಗಿಸಿದವಳಿಗೆ ಇತಿಹಾಸದ ಪರೀಕ್ಷೆ ಇಟ್ಟು ಅಂಕ ಕಡಿಯಬೇಡಿ.

ಸಂಜೆಬಸ್ಸು:

ನಾನು ಹತ್ತಿಪ್ಪತ್ತು ಪುಟ ಓದಿ ಬಿಟ್ಟೆ. ಮೊದಲ ಅಧ್ಯಾಯ ಪೂರ್ತಿ ಮೂರು ಜನ ಕಿರಿಯ ಪಾದ್ರಿಗಳು ಕೂತು ತಿನ್ನುತ್ತಾರೆ, ಜಗಳ ಆಡುತ್ತಾರೆ. ವರ್ಗ ಸಂಘರ್ಷ ಎಲ್ಲಿ ಶುರುವಾಗುತ್ತದೆ ಸ್ವಾಮಿ? ಅಂದಹಾಗೆ ಇದು ಈಗಿನ ಎಐ ಕಥೆಯೇ ಅಲ್ವಾ? ಯಂತ್ರ ಬಂತು, ಕೆಲಸ ಹೋಯಿತು.

ಕಂಬಳಿಹುಳ:

@ಸಂಜೆಬಸ್ಸು ಎಐ ಕಡೆ ಎಳೆಯಬೇಡಿ ದಯವಿಟ್ಟು, ಅದಕ್ಕೆ ಬೇರೆ ಕಡೆ ಬೇಕಾದಷ್ಟು ಜಗಳ ನಡೆಯುತ್ತಿದೆ. ಸಂಘರ್ಷ ಎರಡನೇ ಅಧ್ಯಾಯಕ್ಕೇ ಶುರು. ಮೂರ್ ತರಿಸಿದ ಯಂತ್ರಗಳು ಗಾಡಿಯಲ್ಲಿ ರಾತ್ರಿ ಬಯಲು ದಾಟಿ ಬರಬೇಕು. ಗಾಡಿ ಬರುತ್ತದೆ, ಯಂತ್ರ ಇಲ್ಲ. ದಾರಿಯಲ್ಲೇ ಪುಡಿ ಮಾಡಿರುತ್ತಾರೆ. ಪಾದ್ರಿಗಳ ಊಟ ಸಹಿಸಿಕೊಂಡಿದ್ದರೆ ಸಿಕ್ಕಿಬಿಡುತ್ತಿತ್ತು.

@ತುಂಗಾತೀರ ಫ್ಯಾರನ್ ಒಳ್ಳೆಯವನು, ಒಪ್ಪಿದೆ. ಆದರೆ ಅವನು ಒಳ್ಳೆಯವನಾಗಿರುವುದು ಯಾಕೆ? ಕೈ ಎತ್ತದೆ ಇರುವುದರಿಂದ. ಅದಕ್ಕೇ ಮೂರ್ ಆಮೇಲೆ ಅವನಿಗೆ ತೋಟದ ಕೆಲಸ ಕೊಡಿಸುತ್ತಾನೆ. ಬೇಡಿಕೊಂಡವನಿಗೆ ಕೆಲಸ, ಕೈ ಎತ್ತಿದವನು ಕುಡುಕ. ಇದು ಯಜಮಾನರು ಯಾವಾಗಲೂ ಹೇಳುವ ಕಥೆ.

ಲೆಕ್ಕದಪುಸ್ತಕ:

ಇತಿಹಾಸದ ಭಾಗ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಗಾಳಿಯಲ್ಲಿ ಗುದ್ದಾಟ ಆಗುತ್ತದೆ.

ಕಾದಂಬರಿಯ ದಾಳಿಗೆ ಮೂಲ ರಾಫೋಲ್ಡ್ಸ್ ಗಿರಣಿಯ ದಾಳಿ, 1812ರ ಏಪ್ರಿಲ್ 11ರ ರಾತ್ರಿ. ಮಾಲೀಕ ವಿಲಿಯಂ ಕಾರ್ಟ್‌ರೈಟ್. ದಾಳಿ ಮಾಡಿದವರಲ್ಲಿ ಬಹಳ ಜನ ಕ್ರಾಪರ್‌ಗಳು. ಈ ಕೆಲಸ ಏನು ಅಂತ ಗೊತ್ತಿಲ್ಲದೆ ಈ ಸಿಟ್ಟು ಅರ್ಥ ಆಗಲ್ಲ. ನೇಯ್ದು ಬಂದ ಉಣ್ಣೆ ಬಟ್ಟೆಯ ಮೈ ಒರಟಾಗಿರುತ್ತದೆ. ಟೀಸಲ್ ಅನ್ನುವ ಮುಳ್ಳು ಗಿಡದ ತಲೆಗಳಿಂದ ಅದನ್ನು ಕೆರೆದು ಎಳೆ ಎಬ್ಬಿಸುತ್ತಾರೆ. ಆಮೇಲೆ ಎದ್ದ ಎಳೆಯನ್ನೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸಬೇಕು. ಕತ್ತರಿ ಸುಮಾರು 18 ಕಿಲೋ ತೂಕ. ಅದನ್ನು ಬಟ್ಟೆಯ ಮೇಲೆ ಇಟ್ಟು ಒಂದು ಕೈಯಲ್ಲಿ ಒತ್ತಿ ಒತ್ತಿ ಮಣಿಕಟ್ಟಿನ ಮೇಲೆ ದಪ್ಪ ದಡ್ಡು ಕಟ್ಟುತ್ತಿತ್ತು. ಆ ದಡ್ಡು ನೋಡಿಯೇ ಕ್ರಾಪರ್ ಅಂತ ಗುರುತು ಹಿಡಿಯಬಹುದಿತ್ತು. ಬಟ್ಟೆಯ ಅಂತಿಮ ಬೆಲೆ ಇವರ ಕೈಯಲ್ಲಿತ್ತು. ಹಾಗಾಗಿ ಕೂಲಿಯೂ ಚೆನ್ನಾಗಿತ್ತು, ಗತ್ತೂ ಇತ್ತು. ಎಳೆ ಕತ್ತರಿಸುವ ಯಂತ್ರ, ಶಿಯರಿಂಗ್ ಫ್ರೇಮ್, ಬಂದಾಗ ಈ ಕಸುಬೇ ಹೋಯಿತು. ಆ ಫ್ರೇಮ್‌ಗಳನ್ನು ಮಾಡುತ್ತಿದ್ದವನು ಮಾರ್ಸ್‌ಡನ್ನಿನ ಕಮ್ಮಾರ ಈನಾಕ್ ಟೇಲರ್. ಒಡೆಯಲು ಬಳಸುತ್ತಿದ್ದ ದೊಡ್ಡ ಸುತ್ತಿಗೆಗೂ ಈನಾಕ್ ಅಂತಲೇ ಹೆಸರಿಟ್ಟಿದ್ದರು, ಮಾಡಿದವನೇ ಒಡೆಯಲಿ ಅಂತ.

ಅಂದರೆ ದಾಳಿ ಮಾಡಿದವರು ಅಲೆಮಾರಿ ಕುಡುಕರಲ್ಲ, ಆ ಸೀಮೆಯ ಅತ್ಯಂತ ಕುಶಲ ಕೆಲಸಗಾರರು. ಇಲ್ಲಿ ಕಂಬಳಿಹುಳ ಹೇಳಿದ್ದೇ ಸರಿ.

ಸುಮಾರು 150 ಜನ ಬಂದಿದ್ದರು. ಒಳಗೆ ಕಾರ್ಟ್‌ರೈಟ್, ಅವನ ಕೆಲವು ಕೆಲಸಗಾರರು, ಐದು ಸೈನಿಕರು. ಮೆಟ್ಟಿಲ ಮೇಲೆ ಮೊಳೆ ಹೊಡೆದ ಉರುಳೆಗಳು, ಮೇಲೆ ಆಸಿಡ್ ತುಂಬಿದ ಪಾತ್ರೆ, ಸಹಾಯಕ್ಕೆ ಕರೆಯಲು ಚಾವಣಿಯಲ್ಲಿ ಗಂಟೆ. ಇಪ್ಪತ್ತು ನಿಮಿಷ ಗುಂಡು ಹಾರಿತು. ಬಾಗಿಲು ಮುರಿಯಲಿಲ್ಲ. ಸ್ಯಾಮ್ಯುಯೆಲ್ ಹಾರ್ಟ್ಲಿ, ಜಾನ್ ಬೂತ್ ಅನ್ನುವ ಇಬ್ಬರು ಯುವಕರು ಗಾಯಗೊಂಡು ಸತ್ತರು. ಬೂತ್ ಬಗ್ಗೆ ಆ ಕಡೆ ಹೇಳುತ್ತಾ ಬಂದ ಕಥೆ ಒಂದಿದೆ. ಸಾಯುವ ಮುಂಚೆ ಪಕ್ಕದಲ್ಲಿದ್ದ ಪಾದ್ರಿ ರಾಬರ್ಸನ್‌ಗೆ, ನೀವು ಗುಟ್ಟು ಕಾಪಾಡುತ್ತೀರಾ ಅಂತ ಕೇಳಿದನಂತೆ. ಪಾದ್ರಿ ಆಸೆಯಿಂದ ಹ್ಞೂಂ ಅಂದರೆ, ನಾನೂ ಕಾಪಾಡುತ್ತೇನೆ ಅಂದು ಪ್ರಾಣ ಬಿಟ್ಟನಂತೆ. ಈ ಹ್ಯಾಮಂಡ್ ರಾಬರ್ಸನ್ನೇ ಕಾದಂಬರಿಯ ಪಾದ್ರಿ ಹೆಲ್‌ಸ್ಟೋನ್‌ಗೆ ಮಾದರಿ.

ನನಗೆ ಮುಖ್ಯ ಅನ್ನಿಸುವುದು ಒಳಗಿದ್ದ ಸೈನಿಕರಲ್ಲಿ ಒಬ್ಬನ ಕಥೆ. ಅವನು ಗುಂಡು ಹಾರಿಸಲಿಲ್ಲ. ಹೊರಗೆ ತನ್ನ ಅಣ್ಣತಮ್ಮಂದಿರು ಇರಬಹುದು ಅಂದನು. ಕೋರ್ಟ್ ಮಾರ್ಷಲ್ ಆಗಿ 300 ಛಡಿ ಏಟಿನ ಶಿಕ್ಷೆ ಬಂತು, ಗಿರಣಿಯ ಮುಂದೆಯೇ. 25 ಏಟಿನ ಹೊತ್ತಿಗೆ ಕಾರ್ಟ್‌ರೈಟೇ ಸಾಕು ಅಂತ ನಿಲ್ಲಿಸಿದ. ಯುದ್ಧ ಮತ್ತು ವರ್ಗ ಎರಡೂ ಒಬ್ಬನ ಬೆನ್ನ ಮೇಲೆ ಬಿದ್ದ ಘಟನೆ ಇದು. ಅಂಥವನನ್ನು ಕಾದಂಬರಿಗೆ ತರಲಿಲ್ಲ ಅನ್ನುವುದು ನನಗೆ ನೇಣುಗಂಬ ಬಿಟ್ಟಿದ್ದಕ್ಕಿಂತ ದೊಡ್ಡ ನಷ್ಟ.

ಹತ್ತಿಬಟ್ಟೆ:

ಪ್ರಶ್ನೆ. ಇದು ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆದ ಮ್ಯಾಂಚೆಸ್ಟರ್ ಗಿರಣಿಗಳ ಕಥೆಯೇ? ಹಾಗಿದ್ದರೆ ಕೆಲಸಗಾರ ಯಜಮಾನ ಇಬ್ಬರ ಮೇಲೂ ನನಗೆ ಕನಿಕರ ಬರುವುದು ಕಷ್ಟ.

ಲೆಕ್ಕದಪುಸ್ತಕ:

ಅಲ್ಲ. ಮ್ಯಾಂಚೆಸ್ಟರ್ ಬೆಟ್ಟದ ಆಚೆ ಕಡೆ, ಲ್ಯಾಂಕಾಶೈರ್, ಹತ್ತಿಯ ಸೀಮೆ. ಇದು ಉಣ್ಣೆ. ನಮಗೆ ನಂಟು ಬೇರೆ ದಾರಿಯಲ್ಲಿದೆ. ಕಾದಂಬರಿಯಲ್ಲಿ ಹೆಲ್‌ಸ್ಟೋನ್ ಮತ್ತು ಮೂರ್ ಕಿತ್ತಾಡುವುದು ಯಾರ ಬಗ್ಗೆ? ವೆಲಿಂಗ್ಟನ್ ಬಗ್ಗೆ. ಪಾದ್ರಿಗೆ ಅವನು ದೇವರು, ಮೂರ್‌ಗೆ ಅವನ ಯುದ್ಧ ಬೇಡ. ಆ ವೆಲಿಂಗ್ಟನ್ ಅಂದರೆ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ. ಮರುವರ್ಷ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಮುಗಿಸಿದವನೂ ಅವನೇ. ಇಲ್ಲಿ ಪಳಗಿದ ಕೈ ಅಲ್ಲಿ ಸ್ಪೇನಿಗೆ ಹೋಗಿತ್ತು.

ಇನ್ನೊಂದು ಲೆಕ್ಕ. ಲಡ್ಡೈಟರನ್ನು ಅಡಗಿಸಲು ಸರ್ಕಾರ ಸುಮಾರು 12,000 ಸೈನಿಕರನ್ನು ಇಳಿಸಿತು. 1808ರಲ್ಲಿ ವೆಲ್ಲೆಸ್ಲಿ ಐಬೀರಿಯಾಕ್ಕೆ (ಸ್ಪೇನ್-ಪೋರ್ಚುಗಲ್ ಕಡೆಗೆ) ಕರೆದುಕೊಂಡು ಹೋದ ಪಡೆಗಿಂತ ಇದು ದೊಡ್ಡದು ಅಂತ ಇತಿಹಾಸಕಾರ ಹಾಬ್ಸ್‌ಬಾಮ್ ತೋರಿಸಿದ್ದಾನೆ. ಸ್ವಂತ ಊರಿನ ಕೆಲಸಗಾರರ ವಿರುದ್ಧ ಅಷ್ಟು ಸೈನ್ಯ! 1812ರಲ್ಲಿ ಯಂತ್ರ ಒಡೆದರೆ ಮರಣದಂಡನೆ ಅಂತ ಕಾನೂನೂ ಬಂತು. ಕವಿ ಬೈರನ್ ಮೇಲ್ಮನೆಯಲ್ಲಿ ಮಾಡಿದ ಮೊದಲ ಭಾಷಣವೇ ಅದರ ವಿರುದ್ಧ.

ಮೂರನೇಬೆಂಚು:

ನೀವೆಲ್ಲ ಗಿರಣಿ ಬಾಗಿಲಲ್ಲೇ ನಿಂತಿದ್ದೀರಿ. ಸ್ವಲ್ಪ ಬದಿಗೆ ಬನ್ನಿ. ದಾಳಿಯನ್ನು ನಾವು ನೋಡುವುದು ಯಾರ ಕಣ್ಣಲ್ಲಿ? ಇಬ್ಬರು ಹೆಂಗಸರು, ಕ್ಯಾರೊಲಿನ್ ಮತ್ತು ಷರ್ಲಿ, ಕತ್ತಲಲ್ಲಿ ಹೊಲ ಹಾರಿ ಓಡಿ ಬಂದು ದೂರದಲ್ಲಿ ನಿಂತಿರುತ್ತಾರೆ. ಗಾಜು ಒಡೆಯುವ ಸದ್ದು, ಕೂಗು, ಗುಂಡಿನ ಸದ್ದು. ಒಳಗೆ ಏನಾಗುತ್ತಿದೆ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹಾಗಾಗಿ @ಲೆಕ್ಕದಪುಸ್ತಕ ಹೇಳಿದ ಆ ಸೈನಿಕ ಕಾಣುವುದು ಸಾಧ್ಯವೇ ಇರಲಿಲ್ಲ. ಆಕೆ ಆರಿಸಿಕೊಂಡ ಜಾಗ ಅದು.

ಮತ್ತೆ ಷರ್ಲಿ ಯಾರು ಅಂತ ಮರೆಯಬೇಡಿ. ಜಮೀನುದಾರಳು. ಮೂರ್‌ನ ಗಿರಣಿ ಇರುವುದೇ ಅವಳ ನೆಲದಲ್ಲಿ. ಬಡವರಿಗೆ ದುಡ್ಡು ಹಂಚುತ್ತಾಳೆ, ನಿಧಿ ಮಾಡುತ್ತಾಳೆ. ಆದರೆ ಯಾಕೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾಳೆ: ಇವರು ಗುಂಪು ಕಟ್ಟಿ ನನ್ನ ಆಸ್ತಿ ಮೇಲೆ ಬಂದರೆ ನಾನು ಶ್ರೀಮಂತರ ಪಕ್ಷವೇ, ಬಿಡುವವಳಲ್ಲ, ಆ ಹೊತ್ತು ಬರಬಾರದು ಅಂತಲೇ ಈಗ ಕೊಡುತ್ತಿದ್ದೇನೆ ಅನ್ನುವ ಅರ್ಥದಲ್ಲಿ. ನಮ್ಮ ಎಷ್ಟು ದಾನಿಗಳು ಹೀಗೆ ನಿಜ ಹೇಳುತ್ತಾರೆ? ಇದನ್ನು ಬರೆದವಳಿಗೆ ವರ್ಗ ಅಂದರೆ ಏನು ಅಂತ ಗೊತ್ತಿರಲಿಲ್ಲ ಅನ್ನುವುದು ಕಷ್ಟ.

ಕ್ಯಾರೊಲಿನ್‌ಗೆ ಹಸಿವಿಲ್ಲ, ಆದರೆ ಕೆಲಸವೂ ಇಲ್ಲ. ಚಿಕ್ಕಪ್ಪ ಹೆಲ್‌ಸ್ಟೋನ್ ಮನೆಯಲ್ಲಿ ಹೊಲಿಗೆ ಹಾಕುತ್ತಾ ಕೊಳೆಯಬೇಕು. ಕೆಲಸ ಕೊಡಿ ಅಂತ ಫ್ಯಾರನ್ ಕೇಳುವುದನ್ನೂ, ಕೆಲಸ ಮಾಡಲು ಬಿಡಿ ಅಂತ ಇವಳು ಕೇಳುವುದನ್ನೂ ಪಕ್ಕಪಕ್ಕ ಇಟ್ಟಿದ್ದಾಳೆ. ಎರಡಕ್ಕೂ ಸಿಗುವ ಉತ್ತರ ಒಂದೇ, ಸುಮ್ನಿರು ಅಂತ.

ತುಂಗಾತೀರ:

@ಮೂರನೇಬೆಂಚು ಸರಿಯಾಗಿ ಹೇಳಿದಿರಿ. ಅದೇ ದಿನ ಹಗಲಿನಲ್ಲಿ ಏನಾಗುತ್ತದೆ ಅನ್ನುವುದನ್ನೂ ಸೇರಿಸಿ. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾದ ಭಾಗ ಅದು.

ಚರ್ಚಿನ ಶಾಲೆಯ ಮಕ್ಕಳ ಹಬ್ಬ. ಬಿಳಿ ಬಟ್ಟೆ ಹಾಕಿದ ಮಕ್ಕಳು, ಟೀಚರುಗಳು, ಬ್ಯಾಂಡು, ಮುಂದೆ ಹೆಲ್‌ಸ್ಟೋನ್. ಕಿರಿದಾದ ಓಣಿಯಲ್ಲಿ ಎದುರಿನಿಂದ ಇನ್ನೊಂದು ಮೆರವಣಿಗೆ ಬರುತ್ತದೆ, ಬೇರೆ ಪಂಥದವರದ್ದು. ಅವರು ಬೇಕಂತಲೇ ದಾರಿ ಅಡ್ಡಗಟ್ಟಲು ಬಂದಿದ್ದಾರೆ, ಭಜನೆ ಹಾಡುತ್ತಾ. ಇಬ್ಬರೂ ಬದಿಗೆ ಸರಿಯುವವರಲ್ಲ. ಹೆಲ್‌ಸ್ಟೋನ್ ಬ್ಯಾಂಡಿನವರಿಗೆ ‘ರೂಲ್ ಬ್ರಿಟಾನಿಯಾ’ ಬಾರಿಸಿ ಅನ್ನುತ್ತಾನೆ, ಕೊಡೆ ಕೋಲು ಹಿಡಿದವರನ್ನು ದಂಡು ನಡೆಸಿದಂತೆ ಮುಂದೆ ನುಗ್ಗಿಸುತ್ತಾನೆ. ಭಜನೆ ಆ ಸದ್ದಿನಲ್ಲಿ ಮುಳುಗಿಹೋಗುತ್ತದೆ, ಎದುರಿನವರು ಹಿಂದಕ್ಕೆ ಓಡುತ್ತಾರೆ. ನಾವು ಕಣ್ಣಾರೆ ಪೂರ್ತಿ ನೋಡುವ ಯುದ್ಧ ಇದೊಂದೇ! ಗೆದ್ದವರು ಹೋಗಿ ಬನ್ನು ತಿಂದು ಚಹಾ ಕುಡಿಯುತ್ತಾರೆ. ಅವತ್ತೇ ರಾತ್ರಿ ನಿಜವಾದ ಗುಂಡು ಹಾರುತ್ತದೆ.

ಇತಿಹಾಸದಲ್ಲಿ ದಾಳಿ ಏಪ್ರಿಲಿನಲ್ಲಿ. ಆಕೆ ಅದನ್ನು ಬೇಸಿಗೆಗೆ, ಈ ಹಬ್ಬದ ರಾತ್ರಿಗೆ ಸರಿಸಿದ್ದಾಳೆ. ಸುಮ್ನೆ ಸರಿಸಿದ್ದಲ್ಲ. ದೇಶಭಕ್ತಿಯ ಹಾಡು ಹಗಲು ಯಾರನ್ನು ಓಡಿಸಿತು, ರಾತ್ರಿ ಬಂದೂಕು ಯಾರನ್ನು ಓಡಿಸಿತು ಅಂತ ಓದುಗನೇ ಕೂಡಿಸಿಕೊಳ್ಳಲಿ ಅಂತ.

ಕಂಬಳಿಹುಳ:

ಮೆರವಣಿಗೆ ಭಾಗ ನನಗೂ ಇಷ್ಟ. ಷರ್ಲಿಯ ದಾನದ ಮಾತೂ ಸರಿ. ಹಾಗಾದರೆ ಕೊನೆಗೆ ಬರೋಣ, ಅಲ್ಲಿ ನಿಮ್ಮ ವಾದ ನಿಲ್ಲಲ್ಲ.

ಮೂರ್ ದಿವಾಳಿಯ ಅಂಚಿನಲ್ಲಿದ್ದಾನೆ. ಆಗ 1812ರ ಜೂನ್, ಆರ್ಡರ್ಸ್ ಇನ್ ಕೌನ್ಸಿಲ್ ರದ್ದಾಗುತ್ತದೆ. ಬಂದರು ತೆರೆಯಿತು, ಗೋದಾಮು ಖಾಲಿಯಾಯಿತು, ಗಂಟೆ ಬಾರಿಸಿತು. ಮೂರ್ ಇನ್ನು ಮೇಲೆ ಜಾಸ್ತಿ ಜನರಿಗೆ ಕೆಲಸ, ಒಳ್ಳೆ ಕೂಲಿ ಅಂತೆಲ್ಲ ಕನಸು ಕಾಣುತ್ತಾನೆ. ಎರಡು ಮದುವೆ. ಶುಭಂ. ಅಂದರೆ ಜಗಳ ಯಜಮಾನ ಕೂಲಿಯವರ ಮಧ್ಯೆ ಇರಲೇ ಇಲ್ಲ, ಎಲ್ಲ ಸರ್ಕಾರದ ಒಂದು ಆಜ್ಞೆಯ ತಪ್ಪು, ಅದು ಹೋದರೆ ಎಲ್ಲರಿಗೂ ಊಟ.

ನಿಜ ಏನು? ಅದೇ ಜೂನ್ 18ಕ್ಕೆ ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿತು. ರದ್ದಾದ ಸುದ್ದಿ ಅಟ್ಲಾಂಟಿಕ್ ದಾಟುವ ಮೊದಲೇ. ಆ ಯುದ್ಧ ನಿಲ್ಲಿಸುವ ಒಪ್ಪಂದ ಆಗಿದ್ದು 1814ರ ಕೊನೆಗೆ. ಮುಖ್ಯ ಗಿರಾಕಿಯೇ ಮತ್ತೆ ಶತ್ರು! ಮತ್ತು ಆಜ್ಞೆ ರದ್ದಾಗಿ ಆರು ತಿಂಗಳು ಕಳೆದ ಮೇಲೆ ಯಾರ್ಕ್‌ನಲ್ಲಿ 17 ನೇಣು. ಬಂದರು ತೆರೆದದ್ದರಿಂದ ಶಾಂತಿ ಬಂದಿದ್ದರೆ ಈ ಹಗ್ಗ ಯಾಕೆ ಬೇಕಿತ್ತು?

ತುಂಗಾತೀರ:

ಮದುವೆ ಆದಮೇಲಿನ ಪುಟ ಓದಿ. ಆ ಹಳ್ಳದಲ್ಲಿದ್ದ ಮರ ಹೋಗಿವೆ. ಮೂರ್ ಕಂಡ ಕನಸು ಕಲ್ಲು, ಇಟ್ಟಿಗೆ, ಬೂದಿಯ ರಸ್ತೆ ಆಗಿದೆ. ಬೇಬೆಲ್ ಗೋಪುರದಷ್ಟು ಆಸೆಯ ಚಿಮಣಿ ಅಂತ ಬರೆಯುತ್ತಾಳೆ. ಬೈಬಲ್ಲಿನಲ್ಲಿ ಅದು ಮನುಷ್ಯರ ಸೊಕ್ಕಿನ ಗೋಪುರ. ಪಾದ್ರಿಯ ಮಗಳಾದ ಆಕೆ ಬೇಬೆಲ್ ಅಂದರೆ ಅದು ಹೊಗಳಿಕೆ ಅಲ್ಲ. ಮನೆಕೆಲಸದ ಮುದುಕಿ ಒಬ್ಬಳು ಈ ಜಾಗದಲ್ಲಿ ಹಿಂದೆ ಯಕ್ಷಿಣಿಯರು ಕಾಣುತ್ತಿದ್ದರು ಅಂತ ನೆನಪಿಸಿಕೊಳ್ಳುತ್ತಾಳೆ. ಸುಖಾಂತ ಅಂತ ನಂಬಿ ಬರೆದವಳು ಹೀಗೆ ನಿಲ್ಲಿಸುತ್ತಾಳಾ?

ಕಂಬಳಿಹುಳ:

ಮರಕ್ಕೆ ಅಳುತ್ತಾಳೆ, ಯಕ್ಷಿಣಿಗೆ ಅಳುತ್ತಾಳೆ. ಮೆಲ್ಲರ್‌ಗೆ ಅಳಲ್ಲ. ಇದೇ ನನ್ನ ತಕರಾರು.

ಲೆಕ್ಕದಪುಸ್ತಕ:

ಇಬ್ಬರಿಗೂ ಸಿಟ್ಟು ಬರುವ ಮಾತು ಹೇಳುತ್ತೇನೆ. ಇಂಗ್ಲೆಂಡಿನ ಕಾರ್ಮಿಕ ವರ್ಗದ ಬಗ್ಗೆ 1963ರಲ್ಲಿ ದೊಡ್ಡ ಪುಸ್ತಕ ಬರೆದ ಇ.ಪಿ. ಥಾಂಪ್ಸನ್‌ಗೂ ಇದೇ ದೂರು ಇತ್ತು, ‘ಷರ್ಲಿ’ ಮಧ್ಯಮ ವರ್ಗದ ಕಣ್ಣಿನ ಕಥೆ ಅಂತ. ಆದರೆ ಆ ಕಣ್ಣು ಎಲ್ಲಿಂದ ಬಂತು ನೋಡಿ. ಆಕೆಯ ಅಪ್ಪ ಪ್ಯಾಟ್ರಿಕ್ ಬ್ರಾಂಟೆ 1812ರಲ್ಲಿ ಹಾರ್ಟ್ಸ್‌ಹೆಡ್‌ನಲ್ಲಿ ಪಾದ್ರಿ, ರಾಫೋಲ್ಡ್ಸ್‌ಗೆ ನಡೆದುಹೋಗುವಷ್ಟು ಹತ್ತಿರ. ಆಗ ಶುರುವಾದ ಪಿಸ್ತೂಲು ಇಟ್ಟುಕೊಳ್ಳುವ ಅಭ್ಯಾಸ ಅವನಿಗೆ ಕೊನೆವರೆಗೂ ಹೋಗಲಿಲ್ಲ. ಆಕೆ ಓದಿದ ರೋ ಹೆಡ್ ಶಾಲೆಯೂ ಅದೇ ಕಡೆ, ಅಲ್ಲಿನ ಟೀಚರ್ ಮಿಸ್ ವೂಲರ್ ಆ ದಿನಗಳ ಕಥೆ ಹೇಳುತ್ತಿದ್ದರು. ಅಂದರೆ ಆಕೆ ಕೇಳಿದ್ದೆಲ್ಲ ಬಾಗಿಲ ಒಳಗಿದ್ದವರ ಕಥೆ.

ಆದರೂ ಒಂದು ಕಡೆ ಕೈ ತಪ್ಪಿದೆ, ಒಳ್ಳೆಯದಕ್ಕೇ. ವಿಲಿಯಂ ಹಾರ್ಸ್‌ಫಾಲ್ ಅನ್ನುವ ಗಿರಣಿ ಮಾಲೀಕ, ಲಡ್ಡೈಟರ ರಕ್ತದಲ್ಲಿ ಕುದುರೆಯ ಜೀನಿನವರೆಗೆ ಮುಳುಗಿ ಸವಾರಿ ಮಾಡುತ್ತೇನೆ ಅಂತ ಜಂಬ ಕೊಚ್ಚಿದವನು. 1812ರ ಏಪ್ರಿಲ್ 28ಕ್ಕೆ ದಾರಿಯಲ್ಲಿ ಅವನಿಗೆ ಗುಂಡು ಹೊಡೆದರು, ಸತ್ತ. ಮೆಲ್ಲರ್ ನೇಣಾದದ್ದು ಇದಕ್ಕೇ. ಕಾದಂಬರಿಯಲ್ಲಿ ಮೂರ್‌ಗೂ ಹಾಗೇ ಗುಂಡು ಬೀಳುತ್ತದೆ, ಆದರೆ ಬದುಕುತ್ತಾನೆ. ಹೊಡೆದವನು ಮೈಕಲ್ ಹಾರ್ಟ್ಲಿ, ಅರೆಹುಚ್ಚ ನೇಕಾರ. ಅದೇ ಉಪನಾಮ ನೋಡಿ, ರಾಫೋಲ್ಡ್ಸ್‌ನಲ್ಲಿ ಸತ್ತವನದ್ದು. ಮೂರ್ ಅವನನ್ನು ಹಿಡಿಸಲು ಹೋಗಲ್ಲ. ಹಾರ್ಟ್ಲಿ ಕುಡಿತದಿಂದ ಸತ್ತಾಗ ಹೂಳಲು ಅವನ ಹೆಂಡತಿಗೆ ಮೂರ್ ಒಂದು ಗಿನಿ, ಅಂದರೆ ಒಂದು ಚಿನ್ನದ ನಾಣ್ಯದಷ್ಟು ದುಡ್ಡು, ಕೊಡುತ್ತಾನೆ. ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾಳೆ. ಆ ಗಿನಿಯನ್ನು ಕರುಣೆ ಅಂತ ಓದಬೇಕಾ, ಬಾಯಿ ಮುಚ್ಚಿಸುವ ದುಡ್ಡು ಅಂತ ಓದಬೇಕಾ ನನಗೆ ತೀರ್ಮಾನ ಆಗಿಲ್ಲ.

ಮೂರನೇಬೆಂಚು:

ಕರುಣೆಯೂ ಅಲ್ಲ, ಲಂಚವೂ ಅಲ್ಲ. ಲೆಕ್ಕ ಚುಕ್ತಾ ಮಾಡಿದ್ದು. ಮೂರ್ ಬಟ್ಟೆ ವ್ಯಾಪಾರಿ, ಸಾಲ ಉಳಿಸಿಕೊಳ್ಳುವವನಲ್ಲ.

ಸಂಜೆಬಸ್ಸು:

ಇಷ್ಟೆಲ್ಲ ಇದೆಯಾ ಆ ಪುಸ್ತಕದಲ್ಲಿ? ಪಾದ್ರಿಗಳ ಊಟ ಬಿಟ್ಟು ಯಾವ ಅಧ್ಯಾಯದಿಂದ ಓದಲಿ ಹೇಳಿ. ಪೂರ್ತಿ ಓದುವ ತಾಳ್ಮೆ ಇಲ್ಲ.

ಕಂಬಳಿಹುಳ:

2, 8, ಆಮೇಲೆ 16ರಿಂದ 19. ಆರನೆಯದೂ ನೋಡಿ, ಅದರಲ್ಲಿ ಕ್ಯಾರೊಲಿನ್ ಮೂರ್ ಕೈಯಲ್ಲಿ ಷೇಕ್ಸ್‌ಪಿಯರನ ‘ಕೊರಿಯೊಲೇನಸ್’ ಓದಿಸುತ್ತಾಳೆ, ಕೂಲಿಯವರ ಮುಂದೆ ಸೊಕ್ಕು ಕಮ್ಮಿ ಮಾಡಿಕೋ ಅಂತ ನಯವಾಗಿ ತಿವಿಯಲು. 18ನೇ ಅಧ್ಯಾಯದ ಶೀರ್ಷಿಕೆಯೇ ಮಜಾ ಇದೆ: ಸಭ್ಯ ಓದುಗರು ಇದನ್ನು ಬಿಟ್ಟುಬಿಡಬಹುದು, ಇಲ್ಲಿ ಕೀಳು ಜನ ಬರುತ್ತಾರೆ ಅನ್ನುವ ಅರ್ಥದ್ದು. ಬರುವವನು ಫ್ಯಾರನ್.

ತುಂಗಾತೀರ:

ನೋಡಿ, ಆ ಶೀರ್ಷಿಕೆಯಲ್ಲಿ ಯಾರನ್ನು ಚುಚ್ಚಿದ್ದಾಳೆ? ನನ್ನ ಪರವಾಗಿ ನೀವೇ ಸಾಕ್ಷಿ ತಂದಿರಿ.

ಕಂಬಳಿಹುಳ:

ಶೀರ್ಷಿಕೆ ಕೊಟ್ಟಿದ್ದಕ್ಕೆ ಅರ್ಧ ಅಂಕ. ಅದಕ್ಕಿಂತ ಜಾಸ್ತಿ ಇಲ್ಲ.

ಸಂಜೆಬಸ್ಸು:

18ರಿಂದಲೇ ಶುರು ಮಾಡುತ್ತೇನೆ. ಸಭ್ಯ ಓದುಗ ಅಂತ ನನ್ನನ್ನು ಇದುವರೆಗೆ ಯಾರೂ ಕರೆದಿಲ್ಲ.